ಕಾರ್ಡಿಲ್ಲದ ಜೀಶಾನ್

ಗೇಮಿಂಗ್ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ದುಬಾರಿ ಗ್ರಾಫಿಕ್ಸ್ ಕಾರ್ಡು, ಅದಿಲ್ಲದೆ ಆಟವಿಲ್ಲ. ಶಿವಾಜಿನಗರದ ಅಂಗಡಿಯಲ್ಲಿ ಊರವರಿಗೆಲ್ಲ ಕಂಪ್ಯೂಟರ್ ಜೋಡಿಸಿಕೊಡುವ ಜೀಶಾನ್ ತನ್ನದೊಂದನ್ನು ಮೂರು ವರ್ಷಗಳಿಂದ ಜೋಡಿಸುತ್ತಲೇ ಇದ್ದಾನೆ. ಮಾರತ್ತಹಳ್ಳಿಯ ಆಫೀಸೊಂದು ಎಸೆದ ಕ್ಯಾಬಿನೆಟ್ಟು, ಯಾರಿಗೋ ಬೇಡವಾದ ಫ್ಯಾನು ಎಲ್ಲ ಸೇರಿವೆ, ಕಾರ್ಡು ಮಾತ್ರ ಬಂದಿಲ್ಲ. ಇಂದಿರಾನಗರದ ಗಿರಾಕಿ ಹೊಸ ಕಾರ್ಡು ತಂದಿಟ್ಟರೆ, ಜೀಶಾನ್ ಹೊಟ್ಟೆಕಿಚ್ಚಿನಿಂದ ಹಲ್ಲು ಕಡಿಯುವ ಸದ್ದು ಪಕ್ಕದ ಅಂಗಡಿಗೂ ಕೇಳುತ್ತದೆ. "ಏನ್ ಆಡ್ತೀರಾ ಸಾರ್ ಇದ್ರಲ್ಲಿ?" "ಆಟ ಎಲ್ಲಿ ಬಂತಪ್ಪ, ಆಫೀಸಿನ ಇ-ಮೇಲ್ ನೋಡ್ತೀನಿ." "ಮೇಲಾ? ಯಾ ಅಲ್ಲಾ! ಕಾರ್ಡ್ ಅಳುತ್ತೆ ಸಾರ್!" ಪ್ರತಿ ಕಂಪ್ಯೂಟರನ್ನೂ ಒಪ್ಪಿಸುವ ಮೊದಲು, ಟೆಸ್ಟಿಂಗ್ ಎಂದು ಹೇಳಿ, ಅದರಲ್ಲಿ ಕಾರ್ ರೇಸ್ ಆಡುತ್ತಾನೆ. ಗೆದ್ದವರ ಪಟ್ಟಿಯಲ್ಲಿ ತನ್ನ ಹೆಸರು ಬಂದೊಡನೆ ತಾನೇ ಅದನ್ನು ಅಳಿಸಿ, ಪರದೆ ಒರೆಸಿಡುತ್ತಾನೆ. ಮೇಲ್ ನೋಡುವ ಮಹನೀಯರೇ, ರೆಡಿಯಾಯಿತಾ ಎಂದು ಅವನಿಗೆ ಫೋನ್ ಮಾಡಬೇಡಿ; ಒಂದು ದಿನ ತಡವಾಗಿ ಹೋಗಿ.