ಅಟ್ಟದ ಕಾಯಿ, ಎಐ ಇಂಗ್ಲಿಷ್

ನಾನು ತಿಪಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನು. ಕಳೆದ ವರ್ಷ ಉಂಡೆ ಕೊಬ್ಬರಿಯ ಬಗ್ಗೆ ಸಂಶೋಧನಾ ಲೇಖನವೊಂದನ್ನು ಬರೆದು, ಇಂಗ್ಲಿಷ್ ತಿದ್ದಲು ಎಐಗೆ ಕೊಟ್ಟೆ. ಅದು ತಿದ್ದಿಕೊಟ್ಟದ್ದನ್ನು ಓದಿ ಉಬ್ಬಿಹೋದೆ. ನಾನು ಇಷ್ಟು ಚೆನ್ನಾಗಿ ಬರೆಯಬಲ್ಲೆನೆಂದು ನನಗೇ ಗೊತ್ತಿರಲಿಲ್ಲ.

ಮೂರನೆಯ ಪುಟದಲ್ಲಿ ಸಿಟ್ಟು ಬಂತು. ಅಟ್ಟದ ಮೇಲಿಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಸದ್ದು ಬಂದರೆ ಕೊಬ್ಬರಿಯಾಗಿದೆ ಎಂದು ಬರೆದಿದ್ದೆ. ಎಐ ಅದನ್ನು ‘ಒಳಗಿನ ನೀರಿನ ಸದ್ದು’ ಎಂದು ಮಾಡಿತ್ತು. ನೀರು ಪೂರ್ತಿ ಇಂಗಿ, ತಿರುಳು ಒಣಗಿ ಗಿಟುಕಾಗಿ ಚಿಪ್ಪು ಬಿಟ್ಟಮೇಲಲ್ಲವೇ ಆ ಗಡಗಡ? ಇದು ನನ್ನ ಹೆಸರಿನಲ್ಲಿ ಅಚ್ಚಾದರೆ ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

ಅಟ್ಟದಿಂದ ಒಂದು ಕಾಯಿ ತಂದು ಲ್ಯಾಪ್‌ಟಾಪಿನ ಮುಂದೆ ಹಿಡಿದು ಅಲ್ಲಾಡಿಸಿದೆ. “ಕೇಳ್ಲಾ, ಎಲ್ಲೈತೆ ನೀರು?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಅದುಕ್ಕೆ ಕಿವಿ ಐತಾ?” ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆ ವಾಕ್ಯ ಸರಿಪಡಿಸಿ, ಉಳಿದದ್ದನ್ನೂ ಒಂದು ಸಾಲೂ ಬಿಡದೆ ಓದಿದೆ. ಲೇಖನ ಕಳಿಸಬೇಕಿದ್ದ ಸಂಶೋಧನಾ ಪತ್ರಿಕೆಯ ನಿಯಮದಂತೆ ಕೊನೆಯಲ್ಲಿ, ಭಾಷೆ ತಿದ್ದಲು ಎಐ ಬಳಸಿದ್ದೇನೆ, ಎಲ್ಲವನ್ನೂ ಪರಿಶೀಲಿಸಿದ್ದೇನೆ, ತಪ್ಪಿದ್ದರೆ ಹೊಣೆ ನನ್ನದು ಎಂದು ಸೇರಿಸಿ, ಅದನ್ನು ಅವಳಿಗೂ ಹೇಳಿದೆ.

“ಅಷ್ಟೆಲ್ಲ ತಿದ್ದೈತಲ್ಲ, ನಿಮ್ಮೆಸ್ರು ಪಕ್ಕ ಅದರ ಹೆಸ್ರೂ ಬತ್ತದಾ?”

“ಇಲ್ಲ ಕಣೇ. ತಪ್ಪಾದ್ರೆ ಬೈಸ್ಕೊಳ್ಳೋರ ಹೆಸ್ರು ಮಾತ್ರ ಹಾಕ್ತಾರೆ.”

ಅವಳು ನನ್ನ ಕೈಯಿಂದ ಕಾಯಿ ತೆಗೆದುಕೊಂಡಳು.

“ಹಂಗಾದ್ರೆ ನಿಮ್ಮೆಸ್ರೇ ಸರಿ ಬುಡಿ. ಮದುವೆ ಆದಾಗಿಂದ ನಾನೇ ಅಭ್ಯಾಸ ಮಾಡ್ಸಿದೀನಲ್ಲ.”