ಅರವತ್ತರ ಜಾಗದಲ್ಲಿ ನೂರು

ಕಳೆದ ವರ್ಷ ಆಗಸ್ಟ್ ತಿಂಗಳ ಮೊದಲ ಗುರುವಾರ ಮಧ್ಯಾಹ್ನ, ಸೌದಿಯ ಅಲ್ ಖಫ್ಜಿ ಪಟ್ಟಣದ ಹೊರಗಿನ ರಸ್ತೆಯಲ್ಲಿ ಒಂದು ಹಳೆಯ ಕಾರಿಗೆ ಬೆಂಕಿ ಹತ್ತಿತು. ಕಾರು ಮಂಗಳೂರು ಕಡೆಯ ಒಬ್ಬ ಕ್ರೇನ್ ಆಪರೇಟರರದು. ಬಾನೆಟ್ ಎತ್ತಿ ಬ್ಯಾಟರಿಯ ವಯರ್ ಕೀಳಲು ಹೋಗಿ ಅವರ ಎರಡೂ ಕೈ ಸುಟ್ಟವು.

ಆ ವಯರ್ ಹಾಕಿದ್ದು ನಮ್ಮ ಅಂಗಡಿಯಲ್ಲಿ. ನಾನು ಅಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ. ಕಾರುಗಳಿಗೆ ಸ್ಪೀಕರ್, ಆಂಪ್ಲಿಫೈಯರ್ ಜೋಡಿಸುವವರು ಉಡುಪಿ ಕಡೆಯ ಹಿರಿಯ ಫಿಟ್ಟರ್. ಇಪ್ಪತ್ತೆರಡು ವರ್ಷ ಇಲ್ಲೇ ದುಡಿದು, ಸೆಪ್ಟೆಂಬರಿನಲ್ಲಿ ಕೆಲಸ ಬಿಟ್ಟು ಊರಿಗೆ ಮರಳುವವರಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತೇನೆ.

ಬೆಂಕಿಗೆ ಹನ್ನೆರಡು ದಿನ ಮೊದಲು, ಅಣ್ಣ ಆ ಕಾರಿನ ಬ್ಯಾಟರಿಯಿಂದ ಡಿಕ್ಕಿಯವರೆಗೆ ವಯರ್ ಎಳೆದು ಅರವತ್ತು ಆಂಪಿಯರಿನ ಫ್ಯೂಸ್ ಕೇಳಿದರು. ಡಬ್ಬಿಯಲ್ಲಿ ನೂರರದು ಮಾತ್ರ ಇತ್ತು. ಅರವತ್ತರದು ತರಿಸಲು ನಾನು ಮರೆತಿದ್ದೆ.

“ನೂರೇ ಹಾಕಿ ಅಣ್ಣ. ಆಂಪ್ಲಿಫೈಯರಿಗೆ ಅದರದ್ದೇ ಫ್ಯೂಸ್ ಉಂಟಲ್ಲ” ಎಂದೆ.

“ಈ ಫ್ಯೂಸ್ ಇರುವುದು ವಯರ್ ಉಳಿಸ್ಲಿಕ್ಕೆ ಮಾರಾಯ, ಆಂಪ್ಲಿಫೈಯರಿಗಲ್ಲ. ಈ ವಯರ್ ನೂರು ತಡೆಯುದಿಲ್ಲ. ಫ್ಯೂಸಿಗಿಂತ ಮೊದಲು ಅದೇ ಉರೀತದೆ.”

ಕಾಯುತ್ತ ಕೂತಿದ್ದ ಕ್ರೇನ್ ಆಪರೇಟರ್ ಚಹಾದ ಕಪ್ಪು ಕೆಳಗಿಟ್ಟರು. “ಎರಡು ಪದ್ಯ ಕೇಳ್ಲಿಕ್ಕೆ ಎಂತ ಇಷ್ಟು ಪಂಚಾಯಿತಿ? ನನಗೆ ಮೂರು ಗಂಟೆಗೆ ಶಿಫ್ಟ್ ಉಂಟು.”

“ಭಾನುವಾರ ಸ್ಟಾಕ್ ಬರ್ತದೆ, ಆಗ ಬದಲಿಸುವ” ಎಂದೆ. ಅಣ್ಣ ಗಿರಾಕಿಯ ಮುಂದೆ ಮಾತು ಬೆಳೆಸದೆ ನೂರರದನ್ನು ಹಾಕಿದರು. ಭಾನುವಾರ ಗಿರಾಕಿ ಬರಲಿಲ್ಲ. ನಾನು ಫೋನ್ ಮಾಡಲಿಲ್ಲ.

ಎಂಜಿನ್ ಹಿಂದಿನ ತಗಡಿನ ತೂತಿನಲ್ಲಿ ವಯರಿನ ಹೊದಿಕೆ ಉಜ್ಜಿ ಸವೆದಿತ್ತು. ಒಳಗಿನ ತಾಮ್ರ ತಗಡಿಗೆ ಸಡಿಲವಾಗಿ ತಾಗಿದಾಗ ಹರಿದ ಕರೆಂಟು ವಯರ್ ತಾಳುವುದಕ್ಕಿಂತ ಹೆಚ್ಚಿತ್ತು, ಫ್ಯೂಸ್ ಹೋಗುವಷ್ಟು ಇರಲಿಲ್ಲ. ಸುಟ್ಟ ಕಾರಿನಲ್ಲಿ ಫ್ಯೂಸ್ ಇಡಿಯಾಗಿ ಸಿಕ್ಕಿತು.

ಪೊಲೀಸರು ನಮ್ಮಿಬ್ಬರನ್ನೂ ಕರೆಸಿದರು. ಅಣ್ಣನ ಅರಬ್ಬಿ ಗ್ಯಾರೇಜಿನ ಕೆಲಸಕ್ಕೆ ಸಾಕಾಗುವಷ್ಟೇ ಇತ್ತು. ಪ್ರಶ್ನೆ, ಉತ್ತರಗಳನ್ನು ನಾನು ಅನುವಾದಿಸಬೇಕಿತ್ತು. ಆ ವಾರವೇ ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯ ನವೀಕರಣದ ಕಾಗದ, ನನ್ನ ವೀಸಾಕ್ಕೆ ಹೊಣೆಯಾದ ಕಫೀಲರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಈ ಫ್ಯೂಸ್ ಆರಿಸಿದವರು ಯಾರು ಎಂದು ಅಧಿಕಾರಿ ಕೇಳಿದರು.

ಅಣ್ಣ ನನ್ನ ಕಡೆ ತಿರುಗಿ ಹೇಳಿದರು: “ನಾನು ಕೇಳಿದ್ದು ಅರವತ್ತು. ಇರ್ಲಿಲ್ಲ. ನೂರು ಹಾಕಿ ಅಂತ ಹೇಳಿದ್ದು ನೀನು. ಬೇಡ ಅಂದೆ, ಆದ್ರೂ ಹಾಕಿದ್ದು ನಾನೇ. ಹಾಗೇ ಹೇಳು.”

ನಾನು ಅಧಿಕಾರಿಗೆ ಹೇಳಿದ್ದು ಇಷ್ಟು: ಫ್ಯೂಸ್ ಆರಿಸಿದ್ದೂ ಹಾಕಿದ್ದೂ ಇವರೇ.

ಅಣ್ಣ ಹೇಳಿಕೆಗೆ ಸಹಿ ಹಾಕಿದರು. ಹೊರಗೆ ಬಂದ ಮೇಲೆ ಕೇಳಿದರು: “ನಾನು ಅಷ್ಟುದ್ದ ಹೇಳಿದೆ. ನಿನ್ನದು ಒಂದೇ ಉಸಿರಿಗೆ ಮುಗೀತಲ್ಲ?”

“ಅರಬ್ಬಿಯಲ್ಲಿ ಹಾಗೆಯೇ ಅಣ್ಣ.”

“ಹೌದಾ” ಎಂದರು.

ಕ್ರೇನ್ ಆಪರೇಟರರ ಬಲಗೈಯ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಡಿಸೆಂಬರಿನಲ್ಲಿ ಅವರನ್ನು ಊರಿಗೆ ಕಳಿಸಿದರು. ಪ್ರಕರಣ ಮುಗಿಯುವವರೆಗೆ ಅಣ್ಣ ದೇಶ ಬಿಡುವಂತಿಲ್ಲ. ಅವರ ಎಕ್ಸಿಟ್ ಅರ್ಜಿ ವಾಪಸಾಗಿದೆ. ನನ್ನ ಇಕಾಮಾ ನವೀಕರಣವಾಯಿತು. ವಿಚಾರಣೆ ಎರಡು ಸಲ ಮುಂದಕ್ಕೆ ಹೋಗಿದೆ. ಎರಡು ಸಲವೂ ಅಣ್ಣನ ಜೊತೆ ಹೋದವನು ನಾನು. ಆ ಹೇಳಿಕೆಯನ್ನು ನಾನು ತಿದ್ದಿಸಿಲ್ಲ.

ಮುಂದಿನ ವಿಚಾರಣೆ ಬರುವ ಮಂಗಳವಾರ. ಈ ಸಲ ಜೊತೆಗೆ ಬರಲು ಅಣ್ಣ ಅರಬ್ಬಿ ಬಲ್ಲ ಬೇರೊಬ್ಬರನ್ನು ಕೇಳಿದ್ದಾರೆ.