ತಂಗಿಯ ಮನೆಯ ಹೊಸ್ತಿಲು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ಜೇವರ್ಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಅಂಥ ಕಥೆ ಹೇಳಲು ಬಂದವರಿಗೆ ಸ್ಟಾಫ್ ರೂಮಿನಲ್ಲಿ ಅಡ್ಡಪ್ರಶ್ನೆ ಹಾಕಿ ಸತಾಯಿಸುವುದು ನನ್ನ ಚಟವಾಗಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ಅಡ್ಡಪ್ರಶ್ನೆ ಹಾಕುವ ಸರದಿ ಈಗ ನಿಮ್ಮದು.

ಎಂಬತ್ತರ ದಶಕದ ಮಾತು. ನನ್ನ ತಂಗಿ ಶಾಂತಾ ಮದುವೆಯಾಗಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಗಂಡ ಹೆಂಡತಿ ಸೇರಿ, ತಾವಿದ್ದ ಊರಿನಿಂದ ನಾಲ್ಕು ತಾಸಿನ ದಾರಿಯಲ್ಲಿ, ಸಮುದ್ರದ ದಂಡೆಗೆ ಒಂದು ಸಣ್ಣ ಮನೆ ಕೊಂಡರು. ರಜೆ ಸಿಕ್ಕಾಗ ತಾವಿರುವುದು, ಉಳಿದ ದಿನಗಳಲ್ಲಿ ಸಮುದ್ರ ನೋಡಲು ಬರುವವರಿಗೆ ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು. ಆಳಂದದ ನಮ್ಮ ಓಣಿಯವರಿಗೆ ಇದು ತಮಾಷೆಯಾಗಿ ಕಂಡಿತು. ಪಕ್ಕದ ಮನೆಯ ಮಹಬೂಬ ಚಾಚಾ, "ವಾರಕ್ಕೊಮ್ಮೆ ಕಿರಾಯಿದಾರ ಬದಲಾದ್ರ ಅದು ಮನಿ ಹೆಂಗ ಆಗ್ತದ್ರಿ ಮಾಸ್ತರ? ಮುಸಾಫಿರಖಾನಾ ಆಯ್ತು, ಛತ್ರ ಆಯ್ತು" ಎಂದರು. ಅವ್ವ ಮಾತ್ರ ನಗಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಶಾಂತಾ ಊರಿಗೆ ಬಂದಾಗ ಅವ್ವ ಮೊದಲು ಕೇಳಿದ್ದು, ಮನೆ ತುಂಬುವಾಗ ಏನೇನು ಮಾಡಿದಿರಿ ಎಂದು. ಏನೂ ಮಾಡಿರಲಿಲ್ಲ. ಮಳೆಯಲ್ಲಿ ಸೂಟ್‌ಕೇಸ್ ಹಿಡಿದುಕೊಂಡು ಒಳಗೆ ಓಡಿದ್ದರು, ಅಷ್ಟೇ. ಅವ್ವನ ಮುಖ ಸಣ್ಣದಾಯಿತು. "ಹೊಸ್ತಿಲಕ್ಕ ನೀರು ಹಾಕಲಾರದ ಒಳಗ ಹೋಗೀರಿ. ಅದರ ಮ್ಯಾಲ ದಿನಾ ಬ್ಯಾರೆ ಮಂದಿ ತುಳ್ಯಾಕತ್ತಾರ" ಎಂದಳು. ಶಾಂತಾಳ ಪರ್ಸಿನಲ್ಲಿದ್ದ ಆ ಮನೆಯ ಕೀಲಿಕೈ ಇಸಿದುಕೊಂಡು ನಮ್ಮ ಮನೆಯ ಹೊಸ್ತಿಲ ಮೇಲಿಟ್ಟು, ಎರಡನ್ನೂ ತೊಳೆದು, ಮೂರು ಬೆರಳಿನಿಂದ ವಿಭೂತಿ ಎಳೆದಳು. ಶಾಂತಾ ನಗುತ್ತ, "ಅಲ್ಲಿ ಇದನ್ನೆಲ್ಲ ಮಾಡೋರು ಯಾರದಾರವ್ವ? ದಿನಾ ನೀನೇ ಬಂದು ಮಾಡಿ ಹೋಗು" ಎಂದಳು. ಅವ್ವ "ಹೂಂ" ಎಂದಳು. ಹಾಗೆ ಹೂಂಗುಟ್ಟಿದ್ದನ್ನು ನಾನು ಕೇಳಿದ್ದೇನೆ.

ಮೇ ತಿಂಗಳ ರಜೆಯಲ್ಲಿ ನಾನು ಆಳಂದದ ಮನೆಯಲ್ಲಿದ್ದೆ. ಅವ್ವ ದಿನಾ ಹತ್ತೂವರೆಯ ಸುಮಾರಿಗೆ ಪಡಸಾಲೆಯ ಕಂಬಕ್ಕೆ ಆನಿಕೊಂಡು ಕೂಡುತ್ತಿದ್ದಳು. ಕಣ್ಣು ತೆರೆದೇ ಇರುತ್ತಿದ್ದವು, ಆದರೆ ಕರೆದರೆ ಓ ಅನ್ನುತ್ತಿರಲಿಲ್ಲ. ಮೊದಲೆರಡು ದಿನ ಮಂಪರು ಎಂದುಕೊಂಡೆ. ಮೂರನೆಯ ದಿನ ಅಲುಗಾಡಿಸಿ ಎಬ್ಬಿಸಲು ಕಾಲು ಮುಟ್ಟಿದೆ. ಹೊರಗೆ ಅಂಗಳದ ಫರಸಿ ಕಲ್ಲಿನ ಮೇಲೆ ಕಾಲಿಡಲಾಗದ ಬಿಸಿಲು. ಅವ್ವನ ಪಾದಗಳು ತಣ್ಣಗೆ ಕೊರೆಯುತ್ತಿದ್ದವು. ಸೀರೆಯ ಅಂಚು ಒಂದು ಗೇಣು ತೊಯ್ದಿತ್ತು. ಅವಳು ಕೂತಲ್ಲಿ ನೀರಿನ ಹನಿಯೂ ಇರಲಿಲ್ಲ.

ಇಪ್ಪತ್ತು ನಿಮಿಷಕ್ಕೆ ಎಚ್ಚರವಾದಳು. "ಎಲ್ಲಿ ಹೋಗಿದ್ದೆವ್ವ?" ಎಂದು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ಎಲ್ಲಿ ಹೋಗಲೋ ಯಪ್ಪಾ, ಇಲ್ಲೇ ಕುಂತೀನಲ್ಲ. ಕಾಲು ಜೋಮು ಹಿಡದಾವ, ಸ್ವಲ್ಪ ಬಿಸಿನೀರು ಕೊಡು" ಎಂದಳು. ಗುಲಬರ್ಗಾದ ಡಾಕ್ಟರರು ಬಿ.ಪಿ. ಕಡಿಮೆ ಎಂದು ಮಾತ್ರೆ ಬರೆದುಕೊಟ್ಟರು. ಸೀರೆಯ ಅಂಚು ಒದ್ದೆಯಾಗುವುದಕ್ಕೆ ಮಾತ್ರೆ ಕೇಳುವ ಧೈರ್ಯ ನನಗಾಗಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ಶಾಂತಾಳ ಪತ್ರ ಬಂತು. ಆ ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತಾರಂತೆ. ಬಾಡಿಗೆಗೆ ಬಂದವರು ಹೋಗುವಾಗ ನಾಲ್ಕು ಸಾಲು ಬರೆದು ಹೋಗುತ್ತಾರೆ. ಬೇರೆ ಬೇರೆ ವಾರ ಬಂದ ಮೂರು ಸಂಸಾರದವರು ಒಂದೇ ಮಾತು ಬರೆದಿದ್ದರು: ದಿನಾ ಬೆಳಿಗ್ಗೆ ಆರಕ್ಕೆ ಬಂದು ಬಾಗಿಲ ಮೆಟ್ಟಿಲು ತೊಳೆದು ಹೋಗುವ ಮುದುಕಿಗೆ ನಮ್ಮ ವಂದನೆ ತಿಳಿಸಿ, ಬರಿಗಾಲಲ್ಲಿ ಬರುತ್ತಾಳೆ, ಮಾತಾಡಿಸಿದರೆ ತಿರುಗಿ ನೋಡುವುದಿಲ್ಲ. ಮನೆ ಗುಡಿಸಲು ಶಾಂತಾ ಇಟ್ಟುಕೊಂಡಿದ್ದವಳು ಹರೆಯದ ಹುಡುಗಿ, ಬರುವುದು ಶನಿವಾರ ಮಾತ್ರ. ಪತ್ರದ ಕೊನೆಯಲ್ಲಿ ಶಾಂತಾ, ಅವ್ವ ಹೇಗಿದ್ದಾಳೆ ಎಂದು ಎರಡು ಸಲ ಕೇಳಿದ್ದಳು.

ನಾನು ಗಣಿತದವನು. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ನಾಲ್ಕೂವರೆ ತಾಸಿನ ಅಂತರ. ಆರಕ್ಕೆ ಕೂಡಿಸಿದೆ. ಮತ್ತೆ ಕೂಡಿಸಿದೆ. ಎರಡು ಸಲವೂ ಹತ್ತೂವರೆಯೇ ಬಂತು.

ಶಾಲೆ ಶುರುವಾದ ಮೇಲೆ ಜೇವರ್ಗಿಯ ರೂಮಿನಲ್ಲಿ ನನಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಎರಡನೆಯ ಪಿರಿಯಡ್ ಬಂದರೆ ಕಣ್ಣು ಗಡಿಯಾರದ ಮೇಲೆ. ಬೋರ್ಡಿನ ಮೇಲೆ ತಪ್ಪು ಬರೆಯುತ್ತಿದ್ದೆ, ಹುಡುಗರು ಮುಸಿಮುಸಿ ನಗುತ್ತಿದ್ದರು. ಶನಿವಾರ ಬಸ್ಸು ಹಿಡಿದು ಆಳಂದಕ್ಕೆ ಓಡಿದರೆ, ಅವ್ವನ ಜೊತೆಗಿದ್ದ ನನ್ನ ಹೆಂಡತಿ ಹೇಳುವುದು ಒಂದೇ ಮಾತು, "ಈ ವಾರ ಅತ್ತಿ ಇನ್ನಾ ಜಾಸ್ತಿ ಹೊತ್ತು ಕುಂತಿದ್ರು ರೀ." ಇಪ್ಪತ್ತು ನಿಮಿಷ ಅರ್ಧ ತಾಸಾಯಿತು, ದಸರೆಯ ಹೊತ್ತಿಗೆ ಒಂದು ತಾಸು. ಅವ್ವ ಇಳಿದುಹೋಗಿದ್ದಳು. ಬಳೆ ಮೊಣಕೈಗೆ ಜಾರುತ್ತಿದ್ದವು. ಒಂದು ದಿನ ಅವಳು ತಿರುಗಿ ಬರುವುದೇ ಇಲ್ಲ ಎಂದು ನನಗೆ ಖಾತ್ರಿಯಾಯಿತು.

ಆ ಮನೆ ಶಾಂತಾ ತನ್ನ ದುಡಿಮೆಯ ಹಣವನ್ನೂ ಹಾಕಿ ಕೊಂಡ ಮೊದಲ ಆಸ್ತಿ ಎಂದು ನನಗೆ ಗೊತ್ತಿತ್ತು. ಆದರೂ ಬರೆದೆ. "ಅವ್ವನ ಜೀವ ಬೇಕಿದ್ದರೆ ಆ ಮನೆ ಮಾರು." ಕಾರಣ ಬರೆಯಲು ನಾಚಿಕೆಯಾಯಿತು. ತಂಗಿ ಮಾರಿದಳು. ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಸಿಟ್ಟಿಗೆ ಕೇಳಿಲ್ಲ ಎಂದುಕೊಂಡೆ, ಯಾಕೆಂದರೆ ಆಮೇಲೆ ಪತ್ರಗಳೂ ಕಡಿಮೆಯಾದವು.

ಮನೆ ಮಾರಿದ ವಾರದಿಂದ ಅವ್ವ ಹಾಗೆ ಕೂಡುವುದು ನಿಂತಿತು. ಮೈ ತುಂಬಿಕೊಂಡಳು. ಆರು ವರ್ಷ ಚೆನ್ನಾಗಿಯೇ ಬಾಳಿದಳು.

ಅವ್ವ ಹೋದ ಸುದ್ದಿ ತಿಳಿದು ಶಾಂತಾ ಬರುವಷ್ಟರಲ್ಲಿ ಮಣ್ಣಾಗಿ ನಾಲ್ಕು ದಿನವಾಗಿತ್ತು. ಬಂದವರೆಲ್ಲ ಎದ್ದುಹೋದ ಮೇಲೆ ನಾನು ಅವಳೆದುರು ಕೂತು ಎಲ್ಲ ಹೇಳಿದೆ, ಕ್ಷಮಿಸು ಎಂದೆ. ಅವಳು ಅಳಲಿಲ್ಲ.

"ಗೊತ್ತದ ಅಣ್ಣಾ. ಆ ಬ್ಯಾಸಗ್ಯಾಗ ಮನಿ ಖಾಲಿ ಇದ್ದಾಗೆಲ್ಲ ನಾ ಒಬ್ಬಾಕಿನೇ ಹೋಗಿ ಇರ್ತಿದ್ದೆ. ಅವ್ವನ್ನ ಹನ್ನೊಂದು ಮುಂಜಾನಿ ನೋಡೀನಿ. ಪರದೆ ಹಿಂದ ನಿಂತು."

"ಬಾಗಲಾ ತೆಗೀಲಿಲ್ಲೇನು?"

"ತೆಗದ್ರ ಹೋಗಿಬಿಡ್ತಾಳಂತ ಅಂಜಿದೆ." ಮತ್ತೆ ಅಂದಳು, "ಅಕಿ ಸೊರಗಾಕತ್ತಿದ್ದು ನನಗೂ ಕಾಣತಿತ್ತು. ಆದ್ರೂ ಮತ್ತ ಹೋಗತಿದ್ದೆ. ನಿನ್ನ ಕಾಗದ ಬರಲಾರದಿದ್ರ ನಾ ಮಾರತಿದ್ದಿಲ್ಲ."

ನಾನು ಕಂಡದ್ದು ಏನು, ಅವಳು ಕಂಡದ್ದು ಏನು, ಇಂದಿಗೂ ನನಗೆ ತಿಳಿದಿಲ್ಲ. ಆ ಪತ್ರ ಬರೆದದ್ದು ಸರಿಯೋ ತಪ್ಪೋ ಎಂಬುದೂ ತಿಳಿದಿಲ್ಲ. ಮಕ್ಕಳ ಶಾಲೆ, ರಜೆ ಇಲ್ಲದ ನೌಕರಿ, ಟಿಕೇಟಿನ ದರ, ಒಂದಲ್ಲ ಒಂದು ಅಡ್ಡಿ ಬಂದು, ಅವ್ವ ಉಳಿದ ಆ ಆರು ವರ್ಷಗಳಲ್ಲಿ ಶಾಂತಾಳಿಗೆ ಒಮ್ಮೆಯೂ ಆಳಂದಕ್ಕೆ ಬರಲಾಗಲಿಲ್ಲ. ಅವಳು ಅವ್ವನನ್ನು ಕೊನೆಯ ಸಲ ಕಂಡದ್ದು ಆ ಪರದೆಯ ಹಿಂದಿನಿಂದಲೇ.